ಹೊಟ್ಟೆಪಾಡಿನ ಬಣ್ಣ: ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’ವನ್ನು ಓದಿದ ಮೇಲೆ

ನಮ್ಮ ಮನೆಯಲ್ಲಿ ಗಿರೀಶ ಕಾರ್ನಾಡರು ಮೂವರಿದ್ದಾರೆ. ಊರಿನ ಮನೆಗೆ ಬೀಗ ಹಾಕಿ ಮುಂಬಯಿಗೆ ಬಂದು ನಮ್ಮೊಡನಿರುವ ನಮ್ಮ ತಂದೆಯವರಿಗೆ ಕಾರ್ನಾಡರೆಂದರೆ 1970ರ ‘ಸಂಸ್ಕಾರ’ ಚಿತ್ರದ ಪ್ರಾಣೇಶಾಚಾರ್ಯರು. ನಮಗೆ ಅವರು ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಸ್ವಾಮಿಯ ಅಪ್ಪ. ದೂರದರ್ಶನದಲ್ಲಿ ಅದು ಬರುತ್ತಿದ್ದ ಕಾಲಕ್ಕೆ ನಮಗೂ ಹೆಚ್ಚುಕಡಿಮೆ ಸ್ವಾಮಿಯದೇ ವಯಸ್ಸು. ಆ ಅಪ್ಪ ತೆರೆಯ ಮೇಲೆ ಕಾಣಿಸಿಕೊಂಡರೆ ಇತ್ತ ನಾವು ನಮ್ಮ ಲೆಕ್ಕದ ಪುಸ್ತಕ ಎಲ್ಲಿದೆಯೆಂದು ಹುಡುಕುತ್ತಿದ್ದೆವು. ಇನ್ನು ನಮ್ಮ ಮಗನಿಗೆ ಅವರು 2012ರ ‘ಏಕ್ ಥಾ ಟೈಗರ್’, 2017ರ ‘ಟೈಗರ್ ಜಿಂದಾ ಹೈ’ ಚಿತ್ರಗಳಲ್ಲಿ ಸಲ್ಮಾನ್ ಖಾನನಿಗೆ ಅಪ್ಪಣೆ ಕೊಡುವ ಬೇಹುಗಾರಿಕೆಯ ದೊಡ್ಡ ಸಾಹೇಬರು.

ಈಚೆಗೆ ನಮ್ಮ ಸಂಘದ ವಾರ್ಷಿಕೋತ್ಸವಕ್ಕೆಂದು ‘ತುಘಲಕ್’ ನಾಟಕದ ಕೆಲವು ದೃಶ್ಯಗಳ ತಾಲೀಮು ನಡೆದಿತ್ತು. ನಾವು ಮನೆಗೆ ತಂದಿಟ್ಟಿದ್ದ ನಾಟಕದ ಪ್ರತಿಯ ಮೇಲೆ ಲೇಖಕರ ಹೆಸರನ್ನು ಕೂಡಿಸಿ ಕೂಡಿಸಿ ಓದಿದ ಮಗ, “ಅಪ್ಪಾ, ಇವರು ಆಕ್ಟರ್ ಅಲ್ಲವಾ? ನಾಟಕ ಬೇರೆ ಬರೀತಿದ್ದರಾ?” ಎಂದು ಕೇಳಿದ. ತಂದೆಯವರು ಮೂಲೆಯಿಂದಲೇ, “ಲೋ, ನಾಟಕ ಬರೆಯೋರು ಅವರು. ಆಕ್ಟಿಂಗು ಹೊಟ್ಟೆಪಾಡಿಗೆ” ಎಂದರು. ಪ್ರಶ್ನೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸರಕಾರದ ಗುಮಾಸ್ತರಾದ ನಮಗೆ ‘ಹೊಟ್ಟೆಪಾಡು’ ಎಂಬ ಮಾತು ಕಿವಿಗೆ ಬಿದ್ದೊಡನೆ ಮನಸ್ಸು ಅಲ್ಲಿಯೇ ತೊಡಕಿಕೊಳ್ಳುತ್ತದೆ. ಆ ವಾರವೇ ಸಂಘದ ಗ್ರಂಥಾಲಯದಿಂದ ಕಾರ್ನಾಡರ ಆತ್ಮಕಥೆ ‘ಆಡಾಡತ ಆಯುಷ್ಯ’ವನ್ನು ಮತ್ತೆ ತಂದು, ಲೋಕಲ್ ಗಾಡಿಯಲ್ಲಿ ಹೋಗುತ್ತ ಬರುತ್ತ ಓದಿ ಮುಗಿಸಿದೆವು. ಆ ಓದಿನಿಂದ ಹುಟ್ಟಿದ ಕೆಲವು ವಿಚಾರಗಳನ್ನು ಓದುಗ ಬಂಧುಗಳ ಮುಂದಿಡುವುದಷ್ಟೇ ಈ ಬರಹದ ಉದ್ದೇಶ. ನಾವು ವಿಮರ್ಶಕರಲ್ಲ, ಓದುಗರು ಮತ್ತು ಪ್ರೇಕ್ಷಕರು.

ಈ ಕೃತಿಯನ್ನು 2011ರಲ್ಲಿ ಪ್ರಕಟಿಸಿದವರು ಧಾರವಾಡದ ಮನೋಹರ ಗ್ರಂಥಮಾಲೆಯವರು. ಹೆಸರು ಬೇಂದ್ರೆಯವರ ಮಾತಿನಿಂದ ಬಂದದ್ದು. ಆಯುಷ್ಯದ ಮೊದಲ ಅರ್ಧದ ಕಥೆ ಮಾತ್ರ ಇದರಲ್ಲಿದೆ. ಉಳಿದರ್ಧವನ್ನು ಬರೆದು ಮುಗಿಸುವ ಮೊದಲೇ, 2019ರ ಜೂನ್ 10ರಂದು, ಕಾರ್ನಾಡರು ಬೆಂಗಳೂರಿನಲ್ಲಿ ತೀರಿಕೊಂಡರು. ಇಂಗ್ಲಿಷ್ ಅನುವಾದ 2021ರಲ್ಲಿ ಹೊರಬಂತು.

ಪುಸ್ತಕದ ಬಾಗಿಲಲ್ಲಿಯೇ ಓದುಗನನ್ನು ನಿಲ್ಲಿಸಿಬಿಡುವ ಒಂದು ಪ್ರಸಂಗವಿದೆ. ಒಮ್ಮೆ ಧಾರವಾಡದ ಮನೆಯಲ್ಲಿ ಊಟಕ್ಕೆ ಕುಳಿತಾಗ ಅವರ ತಾಯಿ ಹಳೆಯ ಸಂಗತಿಯೊಂದನ್ನು ಹೊರಗೆಡಹುತ್ತಾರೆ. ಇದ್ದ ಮಕ್ಕಳೇ ಸಾಕೆಂದುಕೊಂಡು, ಹೊಟ್ಟೆಯಲ್ಲಿದ್ದ ಕೂಸನ್ನು ತೆಗೆಸಲೆಂದು ಪುಣೆಯಲ್ಲಿ ಡಾಕ್ಟರ್ ಮಧುಮಾಲತಿ ಗುಣೆ ಎಂಬವರ ದವಾಖಾನೆಗೆ ಹೋಗಿದ್ದರಂತೆ. ಡಾಕ್ಟರು ಹೊತ್ತಾದರೂ ಬರಲಿಲ್ಲ. ಕಾದು ಬೇಸತ್ತು ಮನೆಗೆ ಮರಳಿದರು. ಆ ಕೂಸೇ ಗಿರೀಶ. ಅಂದು ದವಾಖಾನೆಗೆ ಬಾರದೆ ಹೋದ ಆ ಡಾಕ್ಟರಿಗೇ ಕಾರ್ನಾಡರು ತಮ್ಮ ಆತ್ಮಕಥೆಯನ್ನು ಅರ್ಪಿಸಿದ್ದಾರೆ.

ಇಂಥ ಸಂಗತಿಯನ್ನು ನಮ್ಮಲ್ಲಿ ಮುಚ್ಚಿಡುವುದು ರೂಢಿ. ಕಾರ್ನಾಡರು ಮುಚ್ಚಿಡುವುದಿಲ್ಲ, ಅದನ್ನು ಹೇಳಿ ನಮ್ಮಿಂದ ಕರುಣೆಯನ್ನೂ ಬೇಡುವುದಿಲ್ಲ. ತಾಯಿ ಕೃಷ್ಣಾಬಾಯಿಯವರು ಚಿಕ್ಕ ವಯಸ್ಸಿಗೇ ಒಬ್ಬ ಮಗನೊಡನೆ ವಿಧವೆಯಾದವರು, ದಾದಿಯ ಕೆಲಸ ಕಲಿತವರು. ಡಾಕ್ಟರ್ ರಘುನಾಥ ಕಾರ್ನಾಡರೊಡನೆ ಅವರ ಮದುವೆ ನಡೆಯಲು ವಿಧವಾ ವಿವಾಹಕ್ಕೆ ಅಂದಿನ ಸಮಾಜದ ವಿರೋಧದಿಂದಾಗಿ ವರ್ಷಗಳೇ ಹಿಡಿದವು. ಇದನ್ನೆಲ್ಲ ಮಗ ಬರೆಯುವ ರೀತಿಯಲ್ಲಿ ನಾಚಿಕೆಯಿಲ್ಲ, ಬೀಗುವಿಕೆಯೂ ಇಲ್ಲ. ಆತ್ಮಕಥೆಯೆಂಬ ಹೆಸರಿನಲ್ಲಿ ಸನ್ಮಾನಪತ್ರಗಳ ಪಟ್ಟಿಯನ್ನು ಓದಿ ಓದಿ ದಣಿದಿರುವ ನಮಗೆ ಇದೇ ದೊಡ್ಡ ಉಪಕಾರ.

ವಲಸೆ ಬಂದ ಕುಟುಂಬದವರು ಓದುವಾಗ ಈ ಪುಸ್ತಕದಲ್ಲಿ ಇನ್ನೊಂದು ಎಳೆ ಕೈಗೆ ಸಿಗುತ್ತದೆ. ಕಾರ್ನಾಡರು ಹುಟ್ಟಿದ್ದು 1938ರ ಮೇ 19ರಂದು, ನಮ್ಮ ಮುಂಬಯಿಗೆ ಹತ್ತಿರದ ಮಾಥೇರಾನಿನಲ್ಲಿ. ಮನೆಯ ಮಾತು ಕೊಂಕಣಿ. ಮೊದಲ ಅಕ್ಷರಗಳು ಮರಾಠಿಯವು. ತಂದೆ ಸರಕಾರಿ ವೈದ್ಯರಾದ್ದರಿಂದ ವರ್ಗವಾದಲ್ಲಿಗೆ ಸಂಸಾರ. ಶಿರಸಿಯಲ್ಲಿ ಕಂಪನಿ ನಾಟಕ, ಯಕ್ಷಗಾನ, ಆಮೇಲೆ ಧಾರವಾಡ. ಅಲ್ಲಿಯ ಕರ್ನಾಟಕ ಕಾಲೇಜಿನಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರ ಹಿಡಿದು 1958ರಲ್ಲಿ ಬಿ.ಎ. ಗಣಿತದ ಮೇಲಿನ ಮೋಹಕ್ಕಿಂತ ಹೆಚ್ಚಾಗಿ, ಅದರಲ್ಲಿ ಅಂಕಗಳು ಬರುತ್ತವೆ, ಮೊದಲ ದರ್ಜೆ ಬಂದರೆ ವಿದೇಶದ ದಾರಿ ತೆರೆಯುತ್ತದೆ ಎಂಬ ಲೆಕ್ಕಾಚಾರ. ಗಣಿತದಲ್ಲಿಯೇ ಬಿ.ಎಸ್‌ಸಿ. ಮಾಡಿಕೊಂಡ ನಾವು ಈ ಭಾಗವನ್ನು ಓದಿ ಗಾಡಿಯಲ್ಲಿ ಒಬ್ಬರೇ ನಕ್ಕೆವು. ನಮ್ಮದೂ ಅದೇ ಲೆಕ್ಕಾಚಾರವಾಗಿತ್ತು. ಅವರ ಲೆಕ್ಕ ಆಕ್ಸ್‌ಫರ್ಡಿಗೆ ತಾಳೆಯಾಯಿತು, ನಮ್ಮದು ಕೇಂದ್ರ ಸರಕಾರದ ಗುಮಾಸ್ತೆಗಿರಿಗೆ.

ಇಂಗ್ಲಿಷಿನಲ್ಲಿ ಕವಿಯಾಗಬೇಕು, ಪರದೇಶದಲ್ಲಿ ನೆಲೆಸಬೇಕು ಎಂಬುದು ಆ ತರುಣನ ಆಸೆ. ರೋಡ್ಸ್ ವಿದ್ಯಾರ್ಥಿವೇತನ ದೊರೆತು ಹೊರಡುವ ಸಿದ್ಧತೆ ನಡೆದಿರುವಾಗ ಅವರ ಲೇಖನಿಯಿಂದ ಬಂದದ್ದು ಇಂಗ್ಲಿಷ್ ಕವನವಲ್ಲ, ‘ಯಯಾತಿ’ ಎಂಬ ಕನ್ನಡ ನಾಟಕ. ತಾನು ನಾಟಕ ಬರೆಯುವೆನೆಂದು ಅವರು ಎಣಿಸಿರಲಿಲ್ಲ. ಕನ್ನಡದಲ್ಲಿ ಬರೆಯುವೆನೆಂದಂತೂ ಮೊದಲೇ ಇಲ್ಲ. 1961ರಲ್ಲಿ ಗ್ರಂಥಮಾಲೆಯವರು ಅದನ್ನು ಅಚ್ಚುಹಾಕಿದರು. ಜಿ.ಬಿ. ಜೋಶಿ ಮತ್ತು ಕೀರ್ತಿನಾಥ ಕುರ್ತಕೋಟಿಯವರ ಆ ಪ್ರಸಿದ್ಧ ಅಟ್ಟದ ಸಹವಾಸ ದೊರೆಯದೆ ಹೋಗಿದ್ದರೆ ಕನ್ನಡಕ್ಕೆ ಈ ನಾಟಕಕಾರ ದಕ್ಕುತ್ತಿದ್ದರೋ ಇಲ್ಲವೋ. ಹೇಗೂ ಇರಲಿ, ಕನ್ನಡ ಅವರಿಗೆ ಹುಟ್ಟಿನಿಂದ ಬಂದ ಆಸ್ತಿಯಲ್ಲ, ಬೆಳೆದ ಊರಿನಿಂದ ಗಳಿಸಿಕೊಂಡದ್ದು. ‘ಮನೆಮಾತು ಕನ್ನಡ’ ಎಂದು ಜನಗಣತಿಯಲ್ಲಿ ಬರೆಸಿ ಅಷ್ಟಕ್ಕೇ ಕರ್ತವ್ಯ ಮುಗಿಯಿತೆಂದು ತಿಳಿಯುವ ನಮ್ಮಂಥವರು ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕು.

ಇಲ್ಲಿಯವರೆಗೆ ಮೆಚ್ಚುಗೆ. ಇನ್ನು ನಮ್ಮ ತಕರಾರು.

ಆಕ್ಸ್‌ಫರ್ಡಿನಿಂದ ಮರಳಿದ ಕಾರ್ನಾಡರು 1963ರಿಂದ 1970ರವರೆಗೆ ಮದರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಕೆಲಸದಲ್ಲಿದ್ದರು. ಅಲ್ಲಿ ಹವ್ಯಾಸಿ ರಂಗಭೂಮಿಯ ನಂಟು, ಆಮೇಲೆ ‘ಸಂಸ್ಕಾರ’, ಅಲ್ಲಿಂದ ಮುಂದೆ ಐದು ದಶಕಗಳ ಉದ್ದಕ್ಕೂ ಹತ್ತಾರು ಚಿತ್ರಗಳ ನಟನೆ. ತಾವು ಮೊದಲಿಗೆ ನಾಟಕಕಾರರು, ನಾಟಕ ಬರೆಯುವ ಬಿಡುವನ್ನು ಕೊಳ್ಳಲು ಬೇಕಾದ ಹಣಕ್ಕಾಗಿ ಸಿನಿಮಾ ಎಂಬ ಅರ್ಥದ ಮಾತನ್ನು ಅವರು ಮತ್ತೆ ಮತ್ತೆ ಆಡಿದ್ದಾರೆ. ನಮ್ಮ ತಂದೆಯವರು ಮೂಲೆಯಿಂದ ಹೇಳಿದ್ದೂ ಅದನ್ನೇ. ಕನ್ನಡದ ವಿಮರ್ಶಕರೂ ಆ ಮಾತನ್ನು ಹಾಗೆಯೇ ಒಪ್ಪಿ, ನಟ ಕಾರ್ನಾಡರನ್ನು ಒಂದು ಅಡಿಟಿಪ್ಪಣಿಯಲ್ಲಿ ಮುಗಿಸಿಬಿಡುವುದುಂಟು. ಆತ್ಮಕಥೆಯೂ ಈ ವಿಷಯದಲ್ಲಿ ಜಿಪುಣ. ಚಿತ್ರ ಹೇಗೆ ಆಯಿತು, ಹಣ ಎಲ್ಲಿಂದ ಬಂತು, ಯಾರೊಡನೆ ಯಾರ ಜಗಳ ಎಂಬುದೆಲ್ಲ ಸೊಗಸಾಗಿ, ಚುರುಕಾಗಿ ಬರುತ್ತದೆ. ಕ್ಯಾಮರದ ಮುಂದೆ ನಿಂತವನ ಒಳಗೆ ಏನು ನಡೆಯಿತು, ಒಂದು ಮಾತನ್ನು ಹೀಗೇ ಏಕೆ ಹೇಳಿದರು, ಕೈಗಳನ್ನು ಏನು ಮಾಡಿದರು ಎಂಬುದು ಸಿಗುವುದು ತೀರ ಕಡಿಮೆ.

ನಾಸಿರುದ್ದೀನ್ ಶಾ ಅವರು 2014ರಲ್ಲಿ ಪ್ರಕಟಿಸಿದ ಆತ್ಮಕಥೆಯನ್ನು ಇದರ ಪಕ್ಕಕ್ಕಿಟ್ಟು ನೋಡಿದರೆ ಈ ಕೊರತೆ ಎದ್ದು ಕಾಣುತ್ತದೆ. ಅದರಲ್ಲಿ ನಟನೆಯೇ ಮುಖ್ಯ ಪಾತ್ರಧಾರಿ. ಕಲಿತದ್ದು, ಎಡವಿದ್ದು, ಬೇರೆಯವರನ್ನು ನೋಡಿ ಹೊಟ್ಟೆಕಿಚ್ಚು ಪಟ್ಟದ್ದು, ಎಲ್ಲವನ್ನೂ ಅವರು ಬಿಚ್ಚಿಡುತ್ತಾರೆ. ಈ ಇಬ್ಬರ ಬದುಕು ಒಂದು ಕಡೆ ಕೂಡಿದ ಕಥೆಯೂ ಸ್ವಾರಸ್ಯವಾದದ್ದು. ಎಪ್ಪತ್ತರ ದಶಕದ ನಡುವೆ ಕಾರ್ನಾಡರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದಾಗ ವಿದ್ಯಾರ್ಥಿಗಳ ಮುಷ್ಕರ ನಡೆಯಿತು. ಅದರ ಮುಂಚೂಣಿಯಲ್ಲಿದ್ದವರು ನಾಸಿರುದ್ದೀನ್. ಹಾಗಿದ್ದೂ ಶ್ಯಾಮ್ ಬೆನೆಗಲ್ ‘ನಿಶಾಂತ್’ ಚಿತ್ರಕ್ಕೆ ನಟನನ್ನು ಹುಡುಕುತ್ತಿದ್ದಾಗ ಇವನನ್ನು ನೋಡಿ ಎಂದು ಆ ವಿದ್ಯಾರ್ಥಿಯ ಹೆಸರನ್ನೇ ಸೂಚಿಸಿದವರು ಕಾರ್ನಾಡರು. ತನ್ನ ವಿರುದ್ಧ ಘೋಷಣೆ ಕೂಗಿದವನ ಕಸುಬನ್ನು ತೂಗಿ ನೋಡಿ ಸರಿಯಾದ ಬೆಲೆ ಹೇಳಬಲ್ಲವರಿಗೆ ನಟನೆ ಬರಿಯ ಹೊಟ್ಟೆಪಾಡಾಗಿತ್ತೆಂದು ನಂಬುವುದು ನಮಗೆ ಕಷ್ಟ.

ಇನ್ನು ಚಿತ್ರಗಳನ್ನೇ ನೋಡೋಣ. ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ‘ಸಂಸ್ಕಾರ’ ಸೆನ್ಸಾರಿನ ತಡೆಯನ್ನು ದಾಟಿ ಬಂದು ರಾಷ್ಟ್ರಪತಿಗಳ ಸ್ವರ್ಣಪದಕ ಪಡೆದ ಕಥೆ ಎಲ್ಲರಿಗೂ ಗೊತ್ತು. ಅದರ ಚಿತ್ರಕಥೆ ಬರೆದವರೂ ಕಾರ್ನಾಡರೇ. ಚಿತ್ರದ ಉತ್ತರಾರ್ಧದಲ್ಲಿ, ಅಗ್ರಹಾರವನ್ನು ಬಿಟ್ಟು ಹೊರಟ ಆಚಾರ್ಯರಿಗೆ ದಾರಿಯಲ್ಲಿ ಪುಟ್ಟ ಎಂಬ ಮಾತುಗಾರ ಗಂಟುಬೀಳುತ್ತಾನೆ. ಪುಟ್ಟ ಮಾತಾಡುತ್ತಲೇ ಇರುತ್ತಾನೆ. ಆಚಾರ್ಯರು ಕೇಳಿಸಿಕೊಳ್ಳುತ್ತ ನಡೆಯುತ್ತಾರೆ. ತಾನು ಯಾರೆಂದು ಇವನಿಗೆ ತಿಳಿದರೇನು ಗತಿ ಎಂಬ ಅಂಜಿಕೆ, ತಿಳಿದುಬಿಟ್ಟರೆ ಹಗುರಾದೇನು ಎಂಬ ಆಸೆ, ಎರಡೂ ಆ ಮುಖದಲ್ಲಿ ಏಕಕಾಲಕ್ಕೆ ಕೂಡಿರುತ್ತವೆ. ಹುಬ್ಬು ಹಾರಿಸುವುದಿಲ್ಲ, ನಿಟ್ಟುಸಿರು ಬಿಡುವುದಿಲ್ಲ. ಜಾತ್ರೆಯ ಜನದ ನಡುವೆ ನಡೆಯುವ ಆ ಮನುಷ್ಯನನ್ನು ನೋಡಿ ನಮಗೆ ನೆನಪಾದದ್ದು, ಈ ನಗರಕ್ಕೆ ಬಂದ ಮೊದಲ ತಿಂಗಳು ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ನಾವು ನಡೆಯುತ್ತಿದ್ದ ರೀತಿ.

1975ರ ‘ನಿಶಾಂತ್’ನಲ್ಲಿ ಅವರು ತೆಲಂಗಾಣದ ಹಳ್ಳಿಗೆ ಹೊಸದಾಗಿ ಬಂದ ಶಾಲಾ ಮೇಷ್ಟರು. ಜಮೀನ್ದಾರನ ಮನೆಯವರು ಅವರ ಹೆಂಡತಿಯನ್ನು ಹೊತ್ತೊಯ್ಯುತ್ತಾರೆ. ಮೇಷ್ಟರು ಪೊಲೀಸರಲ್ಲಿಗೆ ಹೋಗುತ್ತಾರೆ, ಕಲೆಕ್ಟರರಲ್ಲಿಗೆ ಹೋಗುತ್ತಾರೆ, ಬಾಗಿಲಿಂದ ಬಾಗಿಲಿಗೆ ಅಲೆಯುತ್ತಾರೆ. ಅರ್ಜಿ ಹಿಡಿದು ನಿಂತವನ ಬೆನ್ನು ಹೇಗಿರುತ್ತದೆಂದು ಕಚೇರಿಯ ಮೇಜಿನ ಈಚೆ ಕಡೆ ಕುಳಿತು ದಿನವೂ ನೋಡುವವರು ನಾವು. ಅದು ಹಾಗೆಯೇ ಇರುತ್ತದೆ. ಮುಂದೆ ಗುಡಿಯಲ್ಲಿ ಹೆಂಡತಿ ಎದುರಾಗಿ ಅವರ ಕೈಲಾಗದತನವನ್ನು ಮೂದಲಿಸುವಾಗ ಶಬಾನಾ ಆಜ್ಮಿಯವರ ಮಾತಿನಷ್ಟೇ ತೂಕ ಕಾರ್ನಾಡರ ಮೌನಕ್ಕೂ ಇದೆ.

ಮರುವರ್ಷ ಬಂದ ‘ಮಂಥನ್’ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಕೊಟ್ಟು ಮಾಡಿಸಿದ ಚಿತ್ರ. ಅದರಲ್ಲಿ ಹಾಲಿನ ಸಹಕಾರ ಸಂಘ ಕಟ್ಟಲೆಂದು ರೈಲಿನಲ್ಲಿ ಹಳ್ಳಿಗೆ ಬಂದಿಳಿಯುವ ಡಾಕ್ಟರ್ ರಾವ್ ಅವರ ಪಾತ್ರ. ಕೊನೆಯಲ್ಲಿ ವರ್ಗಾವಣೆಯಾಗಿ ರೈಲು ಹತ್ತಿ ಹೊರಟೂ ಹೋಗುತ್ತಾರೆ. ರಾವ್ ಆಡುವ ಹಿಂದಿ ಆ ಹಳ್ಳಿಯ ಮಾತಿನೊಡನೆ ಬೆರೆಯುವುದಿಲ್ಲ. ಓದಿ ಕಲಿತವನ ಅಚ್ಚುಕಟ್ಟು ಅದರಲ್ಲಿದೆ. ಅದನ್ನು ದೋಷವೆಂದು ಎಣಿಸಿದವರಿದ್ದಾರು. ನಮಗೆ ಅದೇ ಪಾತ್ರದ ಜೀವಾಳವಾಗಿ ಕಂಡಿತು. ಒಳ್ಳೆಯದು ಮಾಡಲೆಂದು ಬಂದವನೂ ಊರಿನವನಾಗಲಾರ ಎಂಬ ಸಂಕಟವನ್ನು ಆ ಉಚ್ಚಾರವೇ ನಮಗೆ ತಲುಪಿಸುತ್ತದೆ.

ಹೀಗೆ ಸಾಲಾಗಿಟ್ಟು ನೋಡಿದಾಗ ನಮಗೆ ಕಂಡದ್ದು ಇದು: ಕಾರ್ನಾಡರು ಅತ್ಯಂತ ಸೊಗಸಾಗಿ ಆಡಿದ ಪಾತ್ರಗಳೆಲ್ಲ ತನ್ನದಲ್ಲದ ಜಾಗದಲ್ಲಿ ನಿಂತಿರುವ ಓದಿದ ಮನುಷ್ಯನವು. 1977ರ ‘ಸ್ವಾಮಿ’ ಚಿತ್ರದಲ್ಲಂತೂ ತನ್ನ ಮನೆಯಲ್ಲಿಯೇ, ಬೇರೊಬ್ಬನಿಗೆ ಮನಸ್ಸು ಕೊಟ್ಟು ಬಂದ ಹೆಂಡತಿಯೆದುರು, ಹೊರಗಿನವನಂತೆ ಕಾದು ಕುಳಿತ ಗಂಡ. 1990ರ ‘ಸಂತ ಶಿಶುನಾಳ ಶರೀಫ’ದ ಗೋವಿಂದಭಟ್ಟರೂ ಹಾಗೆಯೇ. ಮುಸಲ್ಮಾನ ಹುಡುಗನನ್ನು ಶಿಷ್ಯನನ್ನಾಗಿ ಎತ್ತಿಕೊಂಡು, ತನ್ನ ಜಾತಿಯವರ ನಡುವೆ ತಾನೇ ಹೊರಗಿನವರಾದ ಗುರು ಅವರು. ಮಾಥೇರಾನಿನಿಂದ ಧಾರವಾಡಕ್ಕೆ, ಅಲ್ಲಿಂದ ಆಕ್ಸ್‌ಫರ್ಡು, ಮದರಾಸು, ಪುಣೆಗೆ ಅಲೆದು, ಎಲ್ಲಿಯೂ ಪೂರ್ತಿ ಅಲ್ಲಿಯವರಾಗದೆ, ಆದರೆ ಎಲ್ಲಿಯೂ ಅಪರಿಚಿತರಾಗಿಯೂ ಉಳಿಯದೆ ಇದ್ದ ಒಂದು ಬದುಕಿನ ಅನುಭವ ಈ ಪಾತ್ರಗಳೊಳಗೆ ಇಳಿದಿದೆ. ಆತ್ಮಕಥೆಯಲ್ಲಿ ಹೇಳದೆ ಬಿಟ್ಟದ್ದನ್ನು ಅವರು ತೆರೆಯ ಮೇಲೆ ಆಡಿ ತೋರಿಸಿದ್ದಾರೆ.

ಮಿತಿಗಳಿಲ್ಲವೆಂದಲ್ಲ. ನಗಿಸುವ ಕಲೆ ಅವರಿಗೆ ಅಷ್ಟಾಗಿ ಒಗ್ಗಿದಂತೆ ಕಾಣುವುದಿಲ್ಲ. ಸಿಟ್ಟು ಬಂದಾಗ ಧ್ವನಿ ಏರುತ್ತದೆ, ಮೈ ಏರುವುದಿಲ್ಲ. 1994ರ ತಮಿಳು ‘ಕಾದಲನ್’ನಲ್ಲಿ ಖಳನಾದ ರಾಜ್ಯಪಾಲರಾಗಿ ಬಂದಾಗ, ಹಾಜರಿ ಪುಸ್ತಕಕ್ಕೆ ರುಜು ಹಾಕಿ ಕುಳಿತ ನೌಕರನ ಗೆಲುವಷ್ಟೇ ಅವರ ಮುಖದಲ್ಲಿದೆಯೆಂದು ನಮಗೆ ತೋರಿತು. ಹೊಟ್ಟೆಪಾಡಿಗೆ ಒಪ್ಪಿಕೊಂಡ ಚಿತ್ರಗಳೂ ಇದ್ದವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಹತ್ತು ಫೈಲುಗಳನ್ನು ಯಾಂತ್ರಿಕವಾಗಿ ದಾಟಿಸಿದವನು ಹನ್ನೊಂದನೆಯದರಲ್ಲಿ ಮನಸ್ಸಿಟ್ಟು ಒಂದು ಟಿಪ್ಪಣಿ ಬರೆದನೆಂದರೆ, ಅವನನ್ನು ಆ ಟಿಪ್ಪಣಿಯಿಂದ ಅಳೆಯುವುದು ನ್ಯಾಯ.

ಹಾಗಾದರೆ ನಟನೆಯ ಬಗ್ಗೆ ಕಾರ್ನಾಡರು ಚಿಂತಿಸಲೇ ಇಲ್ಲವೇ? ಚಿಂತಿಸಿದ್ದಾರೆ, ಬರೆದೂ ಇದ್ದಾರೆ. ಅದು ಇರುವುದು ಆತ್ಮಕಥೆಯಲ್ಲಲ್ಲ, ನಾಟಕಗಳಲ್ಲಿ ಎಂಬುದು ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವ ಮುಖ್ಯ ಮಾತು. ‘ಯಯಾತಿ’ಯ ಪುರು ತಂದೆಯ ಮುಪ್ಪನ್ನು ತೊಡುತ್ತಾನೆ, ತನ್ನದಲ್ಲದ ವಯಸ್ಸನ್ನು ಮೈಮೇಲೆ ಹೊರುವುದೇ ವೇಷಗಾರನ ಕಸುಬು. 1964ರ ‘ತುಘಲಕ್’ನಲ್ಲಿ ಅಗಸರ ಅಜೀಜ ಮೊದಲು ಬ್ರಾಹ್ಮಣನ ವೇಷ ಹಾಕುತ್ತಾನೆ, ಕೊನೆಗೆ ಖಲೀಫರ ವಂಶದ ಘಿಯಾಸುದ್ದೀನನಾಗಿ ಅರಮನೆಯನ್ನೇ ಹೊಗುತ್ತಾನೆ. ಸುಲ್ತಾನನಿಗೆ ಅವನನ್ನು ಕೊಲ್ಲುವ ಮನಸ್ಸಾಗುವುದಿಲ್ಲ, ಏಕೆಂದರೆ ತನ್ನ ಆದರ್ಶಗಳನ್ನೆಲ್ಲ ಅಣಕವಾಗಿ ಆಡಿ ತೋರಿಸಿದ ನಟ ಅವನು. 1971ರ ‘ಹಯವದನ’ದಲ್ಲಿ ಎರಡು ತಲೆ, ಎರಡು ಒಡಲು ಅದಲುಬದಲಾಗಿ, ಮನುಷ್ಯ ಯಾರು, ತಲೆಯೋ ಒಡಲೋ ಎಂಬ ತಕ್ಕಡಿ ತೂಗುತ್ತದೆ. 1988ರ ‘ನಾಗಮಂಡಲ’ದಲ್ಲಿ ಹಾವು ಗಂಡನ ವೇಷದಲ್ಲಿ ಬರುತ್ತದೆ, ಮತ್ತು ನಿಜವಾದ ಗಂಡನಿಗಿಂತ ಒಳ್ಳೆಯ ಗಂಡನಾಗುತ್ತದೆ.

ಇವೆಲ್ಲಕ್ಕಿಂತ ಸ್ಪಷ್ಟವಾದದ್ದು 1995ರ ‘ಅಗ್ನಿ ಮತ್ತು ಮಳೆ’. ಅದರ ಅರ್ವಸು ಬ್ರಾಹ್ಮಣರ ಹುಡುಗ. ಅವನ ಆಸೆ ನಟನಾಗುವುದು. ನಟನಾದರೆ ಜಾತಿ ಹೋಗುತ್ತದೆ. ಕೊನೆಗೆ ಅವನು ವೃತ್ರನ ಮುಖವಾಡ ಹಾಕಿಕೊಂಡು ರಂಗಕ್ಕೆ ಬರುತ್ತಾನೆ. ಮುಖವಾಡಕ್ಕೆ ಜೀವ ಕೊಡಬೇಕು, ಆದರೆ ಅದರ ಹಿಡಿತಕ್ಕೆ ಸಿಗಬಾರದು ಎಂಬ ಎಚ್ಚರಿಕೆ ಅವನಿಗೆ ಮೊದಲೇ ಸಿಕ್ಕಿರುತ್ತದೆ. ಅವನು ಸಿಗುತ್ತಾನೆ, ವೃತ್ರ ಅವನನ್ನು ನುಂಗಿ ಕುಣಿಯುತ್ತಾನೆ. ಇದು ಕಾರ್ನಾಡರು ನಟನೆಯ ಮೇಲೆ ಬರೆದ ಅಧ್ಯಾಯವಲ್ಲದೆ ಮತ್ತೇನು? ಇಪ್ಪತ್ತೈದು ವರ್ಷ ಕ್ಯಾಮರದ ಮುಂದೆ ನಿಂತವರು ಬರೆದ ನಾಟಕ ಅದು. ಬಣ್ಣ ಹಚ್ಚಿ ನಿಂತ ಆ ವರ್ಷಗಳು ನಾಟಕಕಾರನಿಗೆ ಬರಿಯ ಸಂಬಳವನ್ನಷ್ಟೇ ತಂದುಕೊಟ್ಟವೆಂದು ನಾವು ಒಪ್ಪಲಾರೆವು. ತನ್ನ ಹೊಟ್ಟೆಪಾಡನ್ನು ಅವರು ತಾವೇ ಕಡಿಮೆ ಬೆಲೆಗೆ ಮಾರಿದ್ದಾರೆ.

2005ರ ‘ಒಡಕಲು ಬಿಂಬ’ವನ್ನಂತೂ ನಮ್ಮ ಸಂಘದ ತಂದೆತಾಯಂದಿರೆಲ್ಲ ಓದಬೇಕು. ಕನ್ನಡದ ಲೇಖಕಿಯೊಬ್ಬಳು ಇಂಗ್ಲಿಷ್ ಕಾದಂಬರಿಯಿಂದ ಜಗತ್ಪ್ರಸಿದ್ಧಳಾಗಿದ್ದಾಳೆ. ದೂರದರ್ಶನದ ತೆರೆಯ ಮೇಲಿನ ಅವಳದೇ ಬಿಂಬ ಅವಳನ್ನು ಪ್ರಶ್ನಿಸಲು ತೊಡಗುತ್ತದೆ. ತೆರೆಯ ಮೇಲಿನ ಮುಖ ಮತ್ತು ಬರೆಯುವ ಕೈ ಒಂದನ್ನೊಂದು ದಿಟ್ಟಿಸುವ ಆ ಪ್ರಸಂಗವನ್ನು ಕಲ್ಪಿಸಲು ಎರಡೂ ಆಗಿ ಬದುಕಿದವರಿಗೆ ಮಾತ್ರ ಸಾಧ್ಯವಿತ್ತು.

ಈ ವಿಷಯಕ್ಕೆ ನಾವು ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣವನ್ನೂ ಹೇಳಿಬಿಡಬೇಕು. ಇಪ್ಪತ್ತು ವರ್ಷಗಳಿಂದ ನಾವು ಹತ್ತರಿಂದ ಸಂಜೆಯವರೆಗೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆಯುತ್ತೇವೆ, ಗಾಡಿಯಲ್ಲಿ ಮರಾಠಿ ಆಡುತ್ತೇವೆ, ಮನೆಯ ಬಾಗಿಲು ತೆರೆದ ಮೇಲೆ ಕನ್ನಡ. ಕಚೇರಿಯದು ವೇಷ, ಸಂಜೆ ಸಂಘದ ರಂಗದ ಮೇಲೆ ಬಣ್ಣ ಹಚ್ಚಿದಾಗಿನದೇ ನಿಜವಾದ ನಾವು ಎಂದು ಬಹುಕಾಲ ನಂಬಿಕೊಂಡಿದ್ದೆವು. ಹಾಗೆ ನಂಬುವುದರಲ್ಲಿ ಒಂದು ಸಮಾಧಾನವಿದೆ. ಹಗಲಿನ ಕೆಲಸವನ್ನು ಅರೆಮನಸ್ಸಿನಿಂದ ಮಾಡಲು ಒಂದು ನೆಪವೂ ಇದೆ. ಈ ಸಲದ ಓದು ಆ ನೆಪವನ್ನು ಕಿತ್ತುಕೊಂಡಿತು. ಅನ್ನಕ್ಕಾಗಿ ಹಚ್ಚಿದ ಬಣ್ಣವೂ ಚರ್ಮದೊಳಕ್ಕೆ ಇಳಿಯುತ್ತದೆ. ಅದರ ಲೆಕ್ಕವನ್ನೂ ಕೊಡಬೇಕಾಗುತ್ತದೆ.

ನಮ್ಮ ‘ತುಘಲಕ್’ ತಾಲೀಮಿನಲ್ಲಿ ಅಜೀಜನ ಪಾತ್ರ ವಹಿಸಿದ್ದ ತರುಣನಿಗೆ ಕನ್ನಡ ಓದಲು ಬರುವುದಿಲ್ಲ. ಹುಟ್ಟಿ ಬೆಳೆದದ್ದು ಇಲ್ಲಿಯೇ. ಅಜ್ಜಿಯೊಡನೆ ಆಡಿ ಕಲಿತ ಕನ್ನಡ. ಮಾತುಗಳನ್ನೆಲ್ಲ ದೇವನಾಗರಿಯಲ್ಲಿ ಬರೆದುಕೊಂಡು ಬರುತ್ತಿದ್ದ. ಸಂಘದ ಕೆಲ ಹಿರಿಯರು ಹುಬ್ಬು ಗಂಟಿಕ್ಕಿದರು. ನಾವೂ ಅವರಲ್ಲೊಬ್ಬರು, ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಪ್ರದರ್ಶನದ ದಿನ ಅವನ ಬಾಯಲ್ಲಿ ಆ ಮಾತುಗಳಿಗೆ ಬಂದ ಕಸುವು, ಕನ್ನಡ ಶಾಲೆಯಲ್ಲಿ ಹತ್ತು ವರ್ಷ ಕಲಿತು ಬಂದ ನಮ್ಮ ಬಾಯಲ್ಲಿ ಬರಲಿಲ್ಲ. ಆಗ ನಮಗೆ ಕೊಂಕಣಿ ಮನೆಯಲ್ಲಿ ಹುಟ್ಟಿ, ಮರಾಠಿ ಅಕ್ಷರ ಕಲಿತು, ಇಂಗ್ಲಿಷಿನ ಕನಸು ಕಾಣುತ್ತ ಕನ್ನಡ ನಾಟಕ ಬರೆದ ಆ ಇಪ್ಪತ್ತೆರಡು ವರ್ಷದ ಹುಡುಗ ನೆನಪಾದ. ಕನ್ನಡಿಗನೆಂಬುದೂ ಆಡಿ ಆಡಿ ಗಟ್ಟಿಯಾಗುವ ಪಾತ್ರವೇ ಇರಬಹುದು. ಆಡುವುದನ್ನು ಬಿಟ್ಟರೆ ಹುಟ್ಟಿನಿಂದ ಬಂದವನ ಕೈಯಿಂದಲೂ ಅದು ಜಾರುತ್ತದೆ.

‘ಟೈಗರ್ ಜಿಂದಾ ಹೈ’ ಚಿತ್ರದಲ್ಲಿ ಕಾರ್ನಾಡರು ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿಕೊಂಡೇ ಕಾಣಿಸಿಕೊಂಡಿದ್ದಾರೆ. ಕೊನೆಯ ವರ್ಷಗಳ ಸಭೆ ಸಮಾರಂಭಗಳಲ್ಲೂ ಅವರು ಹಾಗೆಯೇ ಬರುತ್ತಿದ್ದರು. ಪಾತ್ರದ ಉಸಿರು ಮತ್ತು ನಟನ ಉಸಿರು ಒಂದೇ ನಳಿಗೆಯಲ್ಲಿ ಹರಿದ ಆ ದೃಶ್ಯವನ್ನು ಮಗನೊಡನೆ ಕುಳಿತು ಮತ್ತೊಮ್ಮೆ ನೋಡಿದೆವು. “ಈಗ ಹೇಳು, ಇವರು ಆಕ್ಟರೋ, ನಾಟಕ ಬರೆಯೋರೋ?” ಎಂದು ನಾವೇ ಅವನನ್ನು ಕೇಳಿದೆವು. ಅವನು ಸ್ವಲ್ಪ ಯೋಚಿಸಿ, “ಎರಡೂ ಒಬ್ಬರೇ ಅಲ್ಲವಾ?” ಎಂದ. ಮೂಲೆಯಲ್ಲಿದ್ದ ತಂದೆಯವರು ಈ ಸಲ ಏನೂ ಹೇಳಲಿಲ್ಲ.

ಪುಸ್ತಕವನ್ನು ಸಂಘದ ಗ್ರಂಥಾಲಯಕ್ಕೆ ಹಿಂತಿರುಗಿಸಿದ್ದೇವೆ. ಎರಡನೆಯ ಕಪಾಟಿನ ಮೇಲಿನ ಸಾಲಿನಲ್ಲಿದೆ. ಬಂಧುಗಳು ಓದಬೇಕು, ಓದಲು ಬಾರದ ಮಕ್ಕಳಿಗೆ ಕೆಲವು ಪುಟಗಳನ್ನಾದರೂ ಓದಿ ಹೇಳಬೇಕು.